ಓದಿಗೆ ಕಣ್ಣೊಂದೇ ದಾರಿಯೆ?

ಪುಸ್ತಕ ಬಿಡುಗಡೆಯ ವೇದಿಕೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ. ಓದು ಎಂದರೆ ಅಚ್ಚಾದ ಪುಸ್ತಕವನ್ನು ಕೈಯಲ್ಲಿ ಹಿಡಿದು ಹಾಳೆ ತಿರುವುತ್ತ ಓದುವುದು. ಮೊಬೈಲಿನಲ್ಲಿ ಓದಿದ್ದು ಅರೆ ಓದು. ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿದ್ದು ಓದೇ ಅಲ್ಲ. ಅಧ್ಯಕ್ಷರು ಹೀಗೆ ಹೇಳುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ. ಹಾಗೆಂದು ಯಾರು ತೀರ್ಮಾನಿಸಿದರು, ಯಾವ ಆಧಾರದ ಮೇಲೆ ಎಂದು ಒಬ್ಬರೂ ಕೇಳುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ವರ್ಷದ ಓದಿನ ಪಟ್ಟಿ ಹಾಕುವ ತರುಣರು ಆಡಿಯೊ ಪುಸ್ತಕಗಳನ್ನು ಅದರಲ್ಲಿ ಸೇರಿಸಲು ಹಿಂಜರಿಯುತ್ತಾರೆ. ಸೇರಿಸಿದರೂ ಪಕ್ಕದಲ್ಲಿ ‘ಕೇಳಿದ್ದು’ ಎಂದು ತಪ್ಪೊಪ್ಪಿಗೆಯ ಹಾಗೆ ಬರೆಯುತ್ತಾರೆ. ದಿನಗಟ್ಟಲೆ ಒಂದು ಕಾದಂಬರಿಯ ಜೊತೆ ಬದುಕಿದವರು ಯಾರ ಮುಂದೆ, ಏನನ್ನು ತಪ್ಪೊಪ್ಪಿಕೊಳ್ಳಬೇಕು?

ಈ ನಂಬಿಕೆ ಸುಳ್ಳು. ಬರೀ ಸುಳ್ಳಾಗಿದ್ದರೆ ಅಷ್ಟಕ್ಕೇ ಬಿಡಬಹುದಿತ್ತು. ಅದು ಕನ್ನಡದ ಪುಸ್ತಕಗಳಿಗೆ, ಅದಕ್ಕಿಂತ ಹೆಚ್ಚಾಗಿ ಕನ್ನಡದ ಓದುಗರಿಗೆ, ದಿನವೂ ಕೇಡು ಮಾಡುತ್ತಿದೆ.

ಬೇರೆ ಯಾವ ಭಾಷೆಯವರು ಈ ಮಾತು ಆಡಿದರೂ ಕನ್ನಡಿಗರು ಆಡಬಾರದಿತ್ತು. ಗದುಗಿನ ನಾರಣಪ್ಪ ಮಹಾಭಾರತದ ಹತ್ತು ಪರ್ವಗಳನ್ನು ಭಾಮಿನಿ ಷಟ್ಪದಿಯಲ್ಲಿ ಕಟ್ಟಿಕೊಟ್ಟ. ಆ ಕಾವ್ಯವನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದವರು ಯಾರು? ಓಲೆಗರಿ ಮುಂದಿಟ್ಟುಕೊಂಡು ಒಬ್ಬರೇ ಕೂತು ಮೌನವಾಗಿ ಓದಿದವರಲ್ಲ. ಜಗಲಿಯ ಮೇಲೆ, ಗುಡಿಯ ಪ್ರಾಂಗಣದಲ್ಲಿ, ಮಠದ ಅಂಗಳದಲ್ಲಿ ರಾತ್ರಿ ಊಟ ಮುಗಿಸಿ ಬಂದು ಕೇಳಿದವರು. ಅಕ್ಷರ ಬಲ್ಲವರೊಬ್ಬರು ವಾಚನ ಮಾಡುತ್ತಿದ್ದರು, ಇನ್ನೊಬ್ಬರು ಅರ್ಥ ಬಿಡಿಸುತ್ತಿದ್ದರು, ಊರು ಕೇಳುತ್ತಿತ್ತು. ಮಳೆ ಕೈಕೊಟ್ಟ ವರ್ಷ ಹಳ್ಳಿಯವರೆಲ್ಲ ಸೇರಿ ವಿರಾಟಪರ್ವ ಓದಿಸುತ್ತಿದ್ದರು. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಹೆಂಗಸರಿಗೆ ಸಹಿ ಹಾಕಲು ಬರುತ್ತಿರಲಿಲ್ಲ, ಆದರೆ ಜೈಮಿನಿ ಭಾರತದ ಚಂದ್ರಹಾಸನ ಕಥೆಯನ್ನು ಪದ್ಯಸಮೇತ ಹೇಳಬಲ್ಲವರಾಗಿದ್ದರು. ಲಕ್ಷ್ಮೀಶನನ್ನು ಅವರು ಓದಿರಲಿಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ? ಪದವಿ ಪರೀಕ್ಷೆಗೆಂದು ಅದೇ ಕಾವ್ಯದ ಇಪ್ಪತ್ತು ಪದ್ಯಗಳನ್ನು ಕಣ್ಣಿನಲ್ಲಿ ಹಾಯಿಸಿ ಮರೆತವರಿಗಿಂತ ಆ ಹೆಂಗಸರು ಕಡಿಮೆ ಓದುಗರೆ?

ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಈ ಕಾವ್ಯವಾಚನದ ಕಲೆಗೆ, ಗಮಕಕ್ಕೆ, ಪದ್ಮಶ್ರೀ ಬಂದಾಗ ನಾಡು ಹೆಮ್ಮೆಪಟ್ಟಿತು. ಪಡಬೇಕಾದದ್ದೇ. ಆದರೆ ಅದೇ ನಾಡಿನಲ್ಲಿ, ಒಬ್ಬರು ಓದಿ ಇನ್ನೊಬ್ಬರು ಕೇಳುವ ಅದೇ ಸಂಬಂಧ ಸಭಾಂಗಣದಿಂದ ಮೊಬೈಲಿಗೆ ಬಂದ ಕೂಡಲೇ ಕೀಳಾಗಿಬಿಡುವುದು ಹೇಗೆ? ಕಾವ್ಯವನ್ನು ಗಮಕಿಯ ಬಾಯಿಂದ ಕೇಳಿದರೆ ಸಂಸ್ಕಾರ, ಕಾದಂಬರಿಯನ್ನು ನಟನ ಬಾಯಿಂದ ಕೇಳಿದರೆ ಸೋಮಾರಿತನ ಎನ್ನುವ ನ್ಯಾಯ ಯಾವ ಶಾಸ್ತ್ರದಲ್ಲಿದೆ?

ಮೌನವಾಗಿ, ಒಂಟಿಯಾಗಿ, ಕಣ್ಣಿನಿಂದ ಓದುವುದೇ ಓದಿನ ಮೂಲರೂಪ ಎಂದು ತಿಳಿದವರು ಒಂದು ಹಳೆಯ ಓಲೆಗರಿಯನ್ನು ನೋಡಿ ಬರಲಿ. ಅಲ್ಲಿ ಪದ ಪದದ ನಡುವೆ ಜಾಗವಿಲ್ಲ, ಇಂದಿನ ವಿರಾಮ ಚಿಹ್ನೆಗಳಿಲ್ಲ. ಗರಿಯ ಈ ತುದಿಯಿಂದ ಆ ತುದಿಯವರೆಗೆ ಅಕ್ಷರಗಳ ಸಾಲು. ಬಾಯಿಬಿಟ್ಟು ಹೇಳಿಕೊಂಡಾಗಲೇ ಎಲ್ಲಿ ಪದ ಮುರಿಯಬೇಕು, ಎಲ್ಲಿ ಗಣ ಮುಗಿಯುತ್ತದೆ ಎಂಬುದು ಸಲೀಸಾಗಿ ತಿಳಿಯುತ್ತಿತ್ತು. ಅಂದರೆ ನಮ್ಮ ಸಾವಿರ ವರ್ಷಗಳ ಸಾಹಿತ್ಯ ದನಿಗಾಗಿಯೇ ಬರೆದದ್ದು. ವಿಲಿಯಂ ಕೇರಿ ಸೆರಾಂಪುರದಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ್ದು 1817ರಲ್ಲಿ. ಮಂಗಳೂರ ಸಮಾಚಾರ ಹೊರಬಂದದ್ದು 1843ರಲ್ಲಿ. ಕನ್ನಡದ ಜನಕ್ಕೆ ಅಚ್ಚಿನ ಪುಟದ ರೂಢಿ ಬಂದು ಎರಡು ಶತಮಾನ ಆಗಿರಬಹುದು, ಅಷ್ಟೆ. ಈ ಇನ್ನೂರು ವರ್ಷಗಳ ಅಭ್ಯಾಸವೊಂದನ್ನು ಓದಿನ ಸನಾತನ ಧರ್ಮ ಎಂದು ಸಾರುವವರು ಪಂಪನ ಕಾಲದ ಓದುಗರನ್ನೂ ಪಟ್ಟಿಯಿಂದ ಹೊರಹಾಕಬೇಕಾಗುತ್ತದೆ.

ಪುಸ್ತಕದ ರೂಪ ಬದಲಾಗುವುದನ್ನು ಕಂಡು ಹೆದರದ ಹಿರಿಯರೂ ನಮ್ಮಲ್ಲಿದ್ದರು. ಫ.ಗು. ಹಳಕಟ್ಟಿಯವರು ವಚನಗಳ ಓಲೆಗರಿಗಳನ್ನು ಹುಡುಕುತ್ತ ಮನೆ ಮನೆ ಅಲೆದರು. ಗಂಟಿನಲ್ಲಿ ಕಟ್ಟಿ, ಜಗಲಿಯ ಮೇಲಿಟ್ಟು ಪೂಜಿಸುತ್ತಿದ್ದ ಗರಿಗಳನ್ನು ಬಿಚ್ಚಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ತಂದರು. ಆಮೇಲೆ ಮನೆ ಮಾರಿ ಮುದ್ರಣಾಲಯವನ್ನೇ ಹಾಕಿದರು. ಗರಿಯಲ್ಲಿರುವುದೇ ವಚನ, ಅಚ್ಚಾದದ್ದು ವಚನವಲ್ಲ ಎಂದು ಅವರು ಕೂತಿದ್ದರೆ ಇಂದು ನಮ್ಮ ಪಾಲಿಗೆ ಎಷ್ಟು ವಚನಕಾರರು ಉಳಿಯುತ್ತಿದ್ದರು? ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ನಡೆದರು. ಓದುಗ ಇರುವ ಜಾಗಕ್ಕೆ ಪುಸ್ತಕ ಹೋಗಬೇಕು ಎಂದು ಅವರಿಗೆ ಗೊತ್ತಿತ್ತು. ಇಂದಿನ ಓದುಗ ಮೆಜೆಸ್ಟಿಕ್‌ನಿಂದ ಹೊರಟ ಬಸ್ಸಿನಲ್ಲಿ ಕಂಬ ಹಿಡಿದು ನಿಂತಿದ್ದಾನೆ. ಅಲ್ಲಿಗೆ ಹೋಗಲಾರೆ ಎನ್ನುವ ಪುಸ್ತಕ ಯಾರಿಗಾಗಿ?

ಇನ್ನೊಂದು ಪ್ರಶ್ನೆಗೆ ಈ ಶುದ್ಧವಾದಿಗಳು ಉತ್ತರ ಕೊಡಲಿ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಅನ್ನು ಜಗತ್ತು ಓದಿತು. ಅದರಲ್ಲಿರುವ ಒಂದೊಂದು ಪದವೂ ಅನುವಾದಕಿಯದು. ಮೂಲದ ವಾಕ್ಯ, ಲಯ, ಬೈಗುಳ, ಎಲ್ಲವೂ ಬೇರೊಂದು ಭಾಷೆಯ ಮೂಲಕ ಹಾದು ಬಂದಿವೆ. ಹಾಗಿದ್ದೂ ಅದನ್ನು ಓದಿದವರು ಬಾನು ಮುಷ್ತಾಕರನ್ನು ಓದಿದ್ದೇವೆ ಎನ್ನುತ್ತಾರೆ. ಸರಿಯಾಗಿಯೇ ಹೇಳುತ್ತಾರೆ. ಟಾಲ್‌ಸ್ಟಾಯ್‌ನನ್ನು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂದ ರೂಪದಲ್ಲಿ ಓದಿದವರೂ ಹಾಗೇ ಹೇಳುತ್ತಾರೆ. ಅದನ್ನೂ ಒಪ್ಪೋಣ. ಆದರೆ ಕನ್ನಡದ ಕಥೆಯನ್ನು ಕನ್ನಡದಲ್ಲೇ, ಲೇಖಕಿ ಬರೆದ ಒಂದು ಪದವೂ ಬಿಡದೆ, ಅದೇ ಕ್ರಮದಲ್ಲಿ ಕೇಳಿದವರು ಮಾತ್ರ ಓದುಗರಲ್ಲ! ಪದಗಳೆಲ್ಲ ಬದಲಾದರೂ ಓದು, ಒಂದು ಪದವೂ ಬದಲಾಗದಿದ್ದರೂ ಓದಲ್ಲ. ಇಂಥ ತರ್ಕಕ್ಕೆ ನಾವು ಎಷ್ಟು ವರ್ಷ ತಲೆದೂಗುವುದು?

ಕಣ್ಣೇ ಪ್ರಮಾಣ ಎನ್ನುವುದಾದರೆ ಇನ್ನೂ ಒಂದು ಪಜೀತಿ ಇದೆ. ಪರೀಕ್ಷೆಯ ಹಿಂದಿನ ರಾತ್ರಿ ‘ಸಂಸ್ಕಾರ’ದ ಗೈಡ್ ಓದುವ ವಿದ್ಯಾರ್ಥಿ ಕಣ್ಣಿನಿಂದಲೇ ಓದುತ್ತಾನೆ, ಕಾಗದದ ಮೇಲೆಯೇ ಓದುತ್ತಾನೆ. ಅವನು ಅನಂತಮೂರ್ತಿಯವರನ್ನು ಓದಿದನೆ? ಹತ್ತು ನಿಮಿಷದಲ್ಲಿ ಕಾದಂಬರಿಯ ಸಾರ ಹೇಳುವ ವಿಡಿಯೊ ಓದಲ್ಲ ಎಂದು ನಾನೂ ಹೇಳುತ್ತೇನೆ. ಗೈಡೂ ಓದಲ್ಲ. ಎರಡರಲ್ಲೂ ಪುಸ್ತಕವೇ ಇಲ್ಲ. ಲೇಖಕ ಬರೆದ ಮಾತುಗಳು ಪೂರ್ತಿಯಾಗಿ, ಅವನಿಟ್ಟ ಕ್ರಮದಲ್ಲಿ ನಮ್ಮನ್ನು ತಲುಪಿದವೆ? ನಾವು ಮನಸ್ಸು ಕೊಟ್ಟೆವೆ? ಇವೆರಡನ್ನು ಕೇಳಬೇಕು. ಮಾತು ಬಂದದ್ದು ಕಾಗದದಿಂದಲೋ ಪರದೆಯಿಂದಲೋ ದನಿಯಿಂದಲೋ ಬೆರಳ ತುದಿಯಿಂದಲೋ ಎಂಬುದು ಓದುಗನ ಅನುಕೂಲದ ವಿಷಯ.

ಬೆರಳ ತುದಿ ಎಂದೆ. ಬ್ರೈಲ್ ಓದುವವರ ಕಣ್ಣಿಗೂ ಓದಿಗೂ ಸಂಬಂಧವಿಲ್ಲ. ಅವರು ಓದುಗರಲ್ಲ ಎಂದು ವೇದಿಕೆಯ ಮೇಲೆ ನಿಂತು ಹೇಳುವ ಎದೆಗಾರಿಕೆ ಯಾರಿಗೂ ಇಲ್ಲ. ಬೆರಳು ಓದಬಹುದಾದರೆ ಕಿವಿ ಏಕೆ ಓದಬಾರದು? 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ದೃಷ್ಟಿದೋಷವಿರುವವರು ಎರಡೂವರೆ ಲಕ್ಷಕ್ಕೂ ಹೆಚ್ಚು. ಬ್ರೈಲ್‌ನಲ್ಲಿ ಸಿಗುವ ಕನ್ನಡ ಪುಸ್ತಕಗಳು ತೀರ ಕಡಿಮೆ. ಒಂದು ದಪ್ಪ ಕಾದಂಬರಿ ಬ್ರೈಲ್‌ಗೆ ಬಂದರೆ ಹಲವು ಭಾರಿ ಸಂಪುಟಗಳಾಗುತ್ತದೆ. ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ಪುಸ್ತಕಗಳನ್ನು ದನಿಯಲ್ಲಿ ಮುದ್ರಿಸಿ ಓದುಗರಿಗೆ ಕೊಡುತ್ತ ಬಂದಿವೆ. ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಗದುಗಿನ ಪುಟ್ಟರಾಜ ಗವಾಯಿಗಳು ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಕೃತಿ ರಚಿಸಿದರು. ಅವರಿಗೆ ‘ನೀವು ಓದಿದವರಲ್ಲ’ ಎಂದು ಹೇಳುವವರು ಮುಂದೆ ಬರಲಿ, ನೋಡೋಣ.

ಕಾನೂನು ಈ ಪ್ರಶ್ನೆಯನ್ನು ಎಂದೋ ಮುಗಿಸಿದೆ. ಓದಲು ತೊಡಕಿರುವವರಿಗಾಗಿ ಪುಸ್ತಕವನ್ನು ಅವರಿಗೆ ಒಗ್ಗುವ ರೂಪಕ್ಕೆ ತರಲು 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಅವಕಾಶ ಕೊಟ್ಟಿತು. ಅದೇ ಉದ್ದೇಶದ ಮರಕೇಶ್ ಒಪ್ಪಂದವನ್ನು ಜಗತ್ತಿನಲ್ಲಿ ಮೊಟ್ಟಮೊದಲು ಅನುಮೋದಿಸಿದ ದೇಶ ಭಾರತ, 2014ರಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಕ್ಷರಗಳನ್ನು ಬಿಡಿಸಿ ಓದಲು ಕಷ್ಟಪಡುವ ಡಿಸ್ಲೆಕ್ಸಿಯಾ ಇರುವವರನ್ನೂ ತನ್ನ ವ್ಯಾಪ್ತಿಗೆ ತಂದಿತು. ಸಂಸತ್ತು ಓದುಗರೆಂದು ಒಪ್ಪಿದವರನ್ನು ನಮ್ಮ ಸಾಹಿತ್ಯ ವೇದಿಕೆಗಳು ಇನ್ನೂ ಬಾಗಿಲಲ್ಲೇ ನಿಲ್ಲಿಸಿವೆ.

ಕೇಳುವುದು ಸುಲಭ, ಆದ್ದರಿಂದ ಅದು ಓದಲ್ಲ ಎನ್ನುತ್ತಾರೆ. ಸುಲಭವಾದರೆ ತಪ್ಪೇನು? ಕಷ್ಟವೇ ಓದಿನ ಮಾನದಂಡವಾದರೆ ಮಸುಕಾದ ಅಚ್ಚಿನ ಪುಸ್ತಕ ಒಳ್ಳೆಯ ಅಚ್ಚಿನದಕ್ಕಿಂತ ಶ್ರೇಷ್ಠವಾಗಬೇಕು. ಅಕ್ಷರ ಕೂಡಿಸುವ ಕಷ್ಟ ಎರಡನೆಯ ತರಗತಿಯ ಮಗುವಿನದು. ಅದನ್ನು ಮಗುವಿಗೆ ಕಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ದೊಡ್ಡವರಿಗೆ ಪುಸ್ತಕದ ಕಷ್ಟ ಇರುವುದು ಅದರ ಅರ್ಥದಲ್ಲಿ, ಪಾತ್ರಗಳ ಸಂಕಟದಲ್ಲಿ, ವಾದದ ಸಿಕ್ಕಿನಲ್ಲಿ. ಆ ಕಷ್ಟ ಕಿವಿಯವರಿಗೂ ತಪ್ಪಿದ್ದಲ್ಲ. 2019ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಸಂಶೋಧಕರು ಒಂಬತ್ತು ಜನರಿಗೆ ಅವೇ ಕಥೆಗಳನ್ನು ಒಮ್ಮೆ ಕೇಳಿಸಿ, ಇನ್ನೊಮ್ಮೆ ಓದಿಸಿ ಮೆದುಳಿನ ಚಟುವಟಿಕೆಯನ್ನು ದಾಖಲಿಸಿದರು. ಅರ್ಥ ಗ್ರಹಿಸುವಾಗ ಮೆದುಳು ತೋರಿದ ನಕ್ಷೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಮಾತು ಯಾವ ಬಾಗಿಲಿಂದ ಬಂದಿತೆಂದು ಮೆದುಳು ಭೇದ ಮಾಡದಿದ್ದಾಗ ವಿಮರ್ಶಕರಿಗೇಕೆ ಆ ಭೇದ?

ಪರದೆಯ ಮೇಲೆ ಓದಿದ್ದು ತಲೆಗೆ ಹತ್ತುವುದಿಲ್ಲ ಎಂಬ ಇನ್ನೊಂದು ಮಾತಿದೆ. ಇದಕ್ಕೆ ಸಂಶೋಧನೆಯ ಆಧಾರವನ್ನೂ ಕೊಡುತ್ತಾರೆ, ಆದರೆ ಅರ್ಧ ಮಾತ್ರ ಕೊಡುತ್ತಾರೆ. 2018ರಲ್ಲಿ ಪ್ರಕಟವಾದ, ಐವತ್ತಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಕಾಗದದ ಓದಿಗೆ ಮೇಲುಗೈ ಸಿಕ್ಕಿದ್ದು ನಿಜ. ಆ ಮೇಲುಗೈ ಕಂಡದ್ದು ಮಾಹಿತಿ ಕೊಡುವ ಬರಹಗಳಲ್ಲಿ, ಅದರಲ್ಲೂ ಸಮಯದ ಗಡುವಿಟ್ಟು ಓದಿಸಿದಾಗ. ಕಥನ ಬರಹದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು ಅದೇ ವಿಶ್ಲೇಷಣೆ ಹೇಳುತ್ತದೆ. ಕಥೆ ಕಾದಂಬರಿಗಳ ಬಗ್ಗೆ ತೀರ್ಪು ಕೊಡುವವರು ಈ ಭಾಗವನ್ನು ಯಾಕೆ ನುಂಗುತ್ತಾರೆ?

ಕೆಲಸ ಮಾಡುತ್ತ ಕೇಳುವವರ ಮನಸ್ಸು ಎಲ್ಲೆಲ್ಲೋ ಇರುತ್ತದೆ ಎನ್ನುವವರನ್ನು ನಾನು ಕೇಳಬೇಕಾಗಿದೆ: ಯಾರ ಕೆಲಸ? ಆರಾಮಕುರ್ಚಿಯಲ್ಲಿ ಕೂತು ಎರಡು ಗಂಟೆ ಬಿಡುವಾಗಿ ಪುಸ್ತಕ ಹಿಡಿಯುವ ಭಾಗ್ಯ ಈ ನಾಡಿನಲ್ಲಿ ಎಷ್ಟು ಹೆಂಗಸರಿಗಿದೆ? ಬೆಳಿಗ್ಗೆ ಮನೆಗೆಲಸ ಮುಗಿಸಿ ಪೀಣ್ಯದ ಗಾರ್ಮೆಂಟ್ ಕಾರ್ಖಾನೆಗೆ ಹೋಗಿ, ಸಂಜೆ ಬಂದು ಮತ್ತೆ ಒಲೆ ಹಚ್ಚುವವಳಿಗೆ ಪುಸ್ತಕ ಸಿಗುವುದಾದರೆ ಪಾತ್ರೆ ತೊಳೆಯುವ ಹೊತ್ತಿನಲ್ಲೇ ಸಿಗಬೇಕು. ರಾತ್ರಿಯಿಡೀ ಲಾರಿ ಓಡಿಸುವವನಿಗೆ ಕಣ್ಣು ರಸ್ತೆಗೆ ಬೇಕು, ಕಿವಿ ಮಾತ್ರ ಬಿಡುವಾಗಿದೆ. ಅವರ ಓದನ್ನು ಓದಲ್ಲ ಎನ್ನುವುದು ಬಿಡುವಿದ್ದವರು ಬಿಡುವಿಲ್ಲದವರ ಮೇಲೆ ನಡೆಸುವ ದಬ್ಬಾಳಿಕೆ. ಈ ದಬ್ಬಾಳಿಕೆ ಹೊಸದೂ ಅಲ್ಲ. ವಾರಪತ್ರಿಕೆಗಳ ಧಾರಾವಾಹಿಗಳಲ್ಲಿ, ಸರ್ಕ್ಯುಲೇಟಿಂಗ್ ಲೈಬ್ರರಿಯ ಸವೆದ ಪ್ರತಿಗಳಲ್ಲಿ ತ್ರಿವೇಣಿಯವರನ್ನೂ ಎಂ.ಕೆ. ಇಂದಿರಾ ಅವರನ್ನೂ ಓದಿದ ಹೆಂಗಸರ ಓದನ್ನು ಅಂದಿನ ಪಂಡಿತರು ಹೊತ್ತು ಕಳೆಯುವ ಚಟವೆಂದು ತಳ್ಳಿಹಾಕಿದ್ದರು. ಆ ಹೆಂಗಸರೇ ಕನ್ನಡ ಕಾದಂಬರಿಗೆ ಓದುಗ ವರ್ಗವನ್ನು ಕಟ್ಟಿಕೊಟ್ಟರು.

ದನಿಯಲ್ಲಿ ಕೇಳಿದರೆ ಓದುಗನ ಕಲ್ಪನೆ ಸೊರಗುತ್ತದೆ ಎಂಬ ಆಕ್ಷೇಪವನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಕನ್ನಡದ ಮಟ್ಟಿಗೆ ಸತ್ಯ ಅದಕ್ಕೆ ಉಲ್ಟಾ ಇದೆ. ನಮ್ಮ ಬರಹ ಒಂದೇ, ನುಡಿ ಹಲವು. ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಹಾಳೆಯ ಮೇಲೆ ಓದಲು ಹೋಗಿ ಹತ್ತು ಪುಟಕ್ಕೆ ಕೈಚೆಲ್ಲಿದವರನ್ನು ನಾನು ಧಾರವಾಡದಲ್ಲೂ ಮಂಗಳೂರಿನಲ್ಲೂ ಕಂಡಿದ್ದೇನೆ. ನಂಜನಗೂಡು ಸೀಮೆಯ ನುಡಿ ಬಲ್ಲವರೊಬ್ಬರು ಅದನ್ನು ಬಾಯಿಬಿಟ್ಟು ಓದಲಿ, ಪುಸ್ತಕ ಎದ್ದು ಕೂರುತ್ತದೆ. ಬೇಂದ್ರೆಯವರ ಕವಿತೆಯ ಕುಣಿತ ಧಾರವಾಡದ ನಾಲಗೆಯಲ್ಲಿದೆ. ಆ ನಾಲಗೆ ಕೇಳದವರು ಪುಟದ ಮೇಲೆ ಅದರ ಅರ್ಧವನ್ನೇ ಕಾಣುತ್ತಾರೆ. ಕಂಬಾರರ ಪಾತ್ರಗಳ ಮಾತಿಗೂ ಇದೇ ಅನ್ವಯ. ಇಂಥ ಪುಸ್ತಕಗಳಿಗೆ ದನಿ ಬೇಕೇ ಬೇಕು. ಹಾಗೆಂದು ಇಂದು ಸಿಗುವ ಕನ್ನಡ ಆಡಿಯೊ ಪುಸ್ತಕಗಳೆಲ್ಲ ಚೆನ್ನಾಗಿವೆ ಎಂದು ನಾನು ಹೇಳುತ್ತಿಲ್ಲ. ಸುದ್ದಿ ಓದುವ ದನಿಯಲ್ಲಿ ಕಾದಂಬರಿ ಓದಿದವೂ ಇವೆ, ಉಚ್ಚಾರ ತಪ್ಪಿದವೂ ಇವೆ. ಅದನ್ನು ತಿದ್ದುವವರು ಯಾರು? ಓದೇ ಅಲ್ಲ ಎಂದು ತಳ್ಳಿದ್ದನ್ನು ಯಾವ ಪತ್ರಿಕೆಯೂ ವಿಮರ್ಶೆಗೆ ತೆಗೆದುಕೊಳ್ಳುವುದಿಲ್ಲ. ಒಳ್ಳೆಯ ವಾಚಕನ ಹೆಸರು ಯಾರಿಗೂ ಗೊತ್ತಾಗುವುದಿಲ್ಲ, ಕೆಟ್ಟ ವಾಚನಕ್ಕೆ ಯಾರೂ ಛೀ ಎನ್ನುವುದಿಲ್ಲ. ಗುಣಮಟ್ಟವಿಲ್ಲ ಎಂದು ದೂರುವವರೇ ಗುಣಮಟ್ಟ ಬೆಳೆಯದಂತೆ ನೋಡಿಕೊಂಡಿದ್ದಾರೆ.

ಕನ್ನಡ ಬಂದೂ ಕನ್ನಡ ಲಿಪಿ ಸಲೀಸಾಗಿ ಬಾರದ ತಲೆಮಾರೊಂದು ನಮ್ಮ ಕಣ್ಣೆದುರೇ ಬೆಳೆದಿದೆ. ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಅವರಿದ್ದಾರೆ, ಮುಂಬೈಯಲ್ಲಿದ್ದಾರೆ, ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಮಕ್ಕಳಲ್ಲಿದ್ದಾರೆ. ಅಜ್ಜಿಯ ಜೊತೆ ಚೆನ್ನಾಗಿ ಕನ್ನಡ ಮಾತಾಡುವ ಹದಿನಾರರ ಹುಡುಗಿಗೆ ‘ಕರ್ವಾಲೊ’ವಿನ ಒಂದು ಪುಟ ಓದಲು ಹತ್ತು ನಿಮಿಷ ಬೇಕು. ಅವಳಿಗೆ ತೇಜಸ್ವಿ ಸಿಗಬೇಕಾದದ್ದು ಕಿವಿಯಿಂದ. ಮೊದಲು ಲಿಪಿ ಕಲಿತು ಬಾ, ಆಮೇಲೆ ಸಾಹಿತ್ಯ ಎಂದು ಅವಳನ್ನು ಹಿಂದಕ್ಕೆ ಕಳಿಸಿದರೆ ಅವಳು ವಾಪಸು ಬರುವುದಿಲ್ಲ. ಇಂಗ್ಲಿಷಿನಲ್ಲಿ ಅವಳಿಗೆ ಬೇಕಾದಷ್ಟು ಪುಸ್ತಕಗಳಿವೆ. ತೇಜಸ್ವಿಯ ರುಚಿ ಹತ್ತಿದ ಮೇಲೆ ಲಿಪಿ ಕಲಿಯುವ ಆಸೆ ಅವಳಿಗೆ ತಾನಾಗಿಯೇ ಹುಟ್ಟಬಹುದು. ಮೊದಲ ಬಾಗಿಲನ್ನೇ ಮುಚ್ಚಿ ಕನ್ನಡ ಉಳಿಸುವ ಭಾಷಣ ಮಾಡಿ ಏನು ಫಲ?

ಈ ತಿರಸ್ಕಾರದ ಬೆಲೆಯನ್ನು ಕನ್ನಡ ಈಗಾಗಲೇ ತೆತ್ತಿದೆ. 2016ರ ಡಿಸೆಂಬರಿನಲ್ಲಿ ಅಮೆಜಾನ್ ತನ್ನ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳನ್ನು ತಂದಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಇರಲಿಲ್ಲ. ಇ-ಪುಸ್ತಕ ಪುಸ್ತಕವೇ ಅಲ್ಲ ಎಂದು ನಂಬಿದ ಸಾಹಿತ್ಯಲೋಕಕ್ಕೆ ಅದು ನಷ್ಟವೆಂದು ತೋರಲೇ ಇಲ್ಲ. ಇಂದಿಗೂ ನಮ್ಮ ಎಷ್ಟೋ ಪ್ರಕಾಶಕರು ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲೇ ಪುಟ ಕಟ್ಟುತ್ತಾರೆ. ಕಾಗದದ ಮೇಲೆ ಅದು ಚೆಂದ ಕಾಣುತ್ತದೆ. ಆದರೆ ಆ ಕಡತವನ್ನು ಕಂಪ್ಯೂಟರಿಗೆ ಕೊಟ್ಟರೆ ಅದಕ್ಕೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅಂಧ ಓದುಗರ ಸ್ಕ್ರೀನ್ ರೀಡರ್ ಅದನ್ನು ಓದಲಾರದು, ಒಂದು ಪದ ಹುಡುಕಿದರೆ ಸಿಗದು, ಇ-ಪುಸ್ತಕ ಮಾಡಬೇಕಾದರೆ ಮೊದಲಿನಿಂದ ಪರಿವರ್ತಿಸಿ ತಿದ್ದಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡದ ಅಚ್ಚನ್ನು ಓದುವ, ಬರಹವನ್ನು ದನಿಯಾಗಿಸುವ ತಂತ್ರಾಂಶಗಳು ತಯಾರಾಗಿವೆ. ‘ವಚನ ಸಂಚಯ’ದಂಥ ಕೆಲಸದಲ್ಲಿ ಸಾವಿರಾರು ವಚನಗಳ ನಡುವೆ ಒಂದು ಪದವನ್ನು ಕ್ಷಣದಲ್ಲಿ ಹುಡುಕಬಹುದು. ತಂತ್ರಜ್ಞಾನ ಕಾಯುತ್ತಿದೆ, ಪುಸ್ತಕಗಳೇ ಬರುತ್ತಿಲ್ಲ. ನಾಲ್ಕು ಕೋಟಿ 37 ಲಕ್ಷ ಜನ ತಾಯ್ನುಡಿ ಕನ್ನಡ ಎಂದು 2011ರ ಗಣತಿಯಲ್ಲಿ ಬರೆಸಿದರು. ಕನ್ನಡ ಪುಸ್ತಕವೊಂದು ಸಾಮಾನ್ಯವಾಗಿ ಅಚ್ಚಾಗುವುದು ಸಾವಿರ ಪ್ರತಿ. ಈ ಅಂತರವನ್ನು ಕಾಗದದ ಪರಿಮಳದಿಂದ ತುಂಬಬಹುದೆ?

ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನು ಕರ್ನಾಟಕದ ನಗರಗಳಲ್ಲಿ ಎಲ್ಲರೂ ಕಟ್ಟುತ್ತಾರೆ. ಕಣ್ಣು ಕಾಣುವವರು ಕಟ್ಟುತ್ತಾರೆ, ಕಾಣದವರೂ ಕಟ್ಟುತ್ತಾರೆ. ಹಾಗಾಗಿ ಗ್ರಂಥಾಲಯಗಳಿಗೆಂದು ಸರ್ಕಾರ ಮಾಡುವ ಸಗಟು ಖರೀದಿಯಲ್ಲಿ ಆಯ್ಕೆಯಾದ ಪ್ರತಿ ಪುಸ್ತಕವನ್ನೂ ಯೂನಿಕೋಡ್ ಪಠ್ಯದಲ್ಲಿ ಕೊಡುವುದು ಕಡ್ಡಾಯವಾಗಬೇಕು. ಕೊಡದ ಪ್ರಕಾಶಕರ ಪುಸ್ತಕ ಕೊಳ್ಳಬಾರದು. ಖರೀದಿಯ ಹಣದಲ್ಲಿ ಒಂದು ಪಾಲನ್ನು ಆಡಿಯೊ ಪುಸ್ತಕಗಳಿಗೆ ಮೀಸಲಿಡಬೇಕು. ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಅಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತ ಮುದುಕಿಯ ಹೆಸರೂ ಓದುಗರ ವಹಿಯಲ್ಲಿ ಬರಬೇಕು. ಅಕಾಡೆಮಿಗಳು ವರ್ಷದ ಉತ್ತಮ ವಾಚನಕ್ಕೆ ಬಹುಮಾನ ಕೊಡಲಿ. ಪತ್ರಿಕೆಗಳ ಪುಸ್ತಕ ಪುಟದಲ್ಲಿ ಆಡಿಯೊ ಪುಸ್ತಕದ ವಿಮರ್ಶೆ ಬರಲಿ, ವಾಚಕರ ಹೆಸರು ಹಿಡಿದು ಹೊಗಳಲಿ, ಹೆಸರು ಹಿಡಿದೇ ತೆಗಳಲಿ.

ಲೇಖಕರಿಗೆ ನನ್ನ ಮಾತು ಇನ್ನೂ ನೇರ. ನಿಮ್ಮ ಪುಸ್ತಕಕ್ಕಾಗಿ ಕಾದಿರುವವರನ್ನು ಓದುಗರಲ್ಲ ಎನ್ನುವ ವೇದಿಕೆಯಲ್ಲಿ ಕೂತು ತಲೆಯಾಡಿಸಬೇಡಿ, ಅಲ್ಲೇ ಎದ್ದು ವಿರೋಧಿಸಿ. ಮುಂದಿನ ಪುಸ್ತಕದ ಒಪ್ಪಂದ ಮುಂದೆ ಬಂದಾಗ ಪ್ರಕಾಶಕರನ್ನು ಕೇಳಿ: ಯೂನಿಕೋಡ್ ಪ್ರತಿ ಯಾವಾಗ, ಇ-ಪುಸ್ತಕ ಯಾವಾಗ, ದನಿಯಲ್ಲಿ ಯಾವಾಗ? ತಾರೀಖು ಬರೆದುಕೊಡುವವರೆಗೆ ಸಹಿ ಹಾಕಬೇಡಿ.